ಕೆಟ್ಟ ಫೈಲಿನ ಆಫ್‌ಸೆಟ್ ಓದುವಾಗ ಇಂಟಿಜರ್ ಓವರ್‌ಫ್ಲೋ ತಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಗಾತ್ರ ಮೀರಿದರೆ ಬಿಟ್ಟುಬಿಡು ಅಂತ ಚೆಕ್ ಹಾಕೀವ್ರಿ, ಆದ್ರೂ ಪ್ರೋಗ್ರಾಂ ಬೀಳ್ತದ." ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಇರಲಿ, ಗದಗಿನ ಮುದ್ರಣಾಲಯಕ್ಕೆ ಬರೆದುಕೊಟ್ಟ ಸಣ್ಣ ಸಾಫ್ಟ್‌ವೇರ್ ಇರಲಿ, ದೂರು ಮಾತ್ರ ಒಂದೇ. ಚೆಕ್ ಇರುತ್ತದೆ. ಆದರೆ ಆ ಚೆಕ್ಕಿನೊಳಗೆ ಮಾಡಿದ ಕೂಡಿಕೆಯೇ ಸುಳ್ಳು ಉತ್ತರ ಕೊಟ್ಟಿರುತ್ತದೆ.

ರಸೀದಿ ಪುಸ್ತಕಕ್ಕೆ ನಂಬರ್ ಹೊಡೆಯುವ ನಂಬರಿಂಗ್ ಮಶೀನ್ ಗದಗಿನ ಪ್ರೆಸ್ಸಿನವರಿಗೆ ಗೊತ್ತು. ಐದು ಗಾಲಿಯ ಮಶೀನ್ 99999 ಆದ ಮೇಲೆ 00000 ಹೊಡೆಯುತ್ತದೆ, ಯಾರಿಗೂ ಹೇಳುವುದಿಲ್ಲ. 32 ಬಿಟ್ಟಿನ ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ) ಸಂಖ್ಯೆಯೂ ಹಾಗೆಯೇ. 4294967295 ಆದ ಮೇಲೆ ಸೊನ್ನೆ. ಹೀಗೆ ಸುತ್ತು ಹೊಡೆಯುವುದೇ ಇಂಟಿಜರ್ ಓವರ್‌ಫ್ಲೋ. ಫೈಲಿನೊಳಗಿನ ಆಫ್‌ಸೆಟ್ (ಶುರುವಿನಿಂದ ಎಷ್ಟನೇ ಬೈಟಿನಲ್ಲಿ ಓದಬೇಕು ಎಂಬ ಸಂಖ್ಯೆ) 4294967280, ಉದ್ದ 32 ಎಂದಿದ್ದರೆ ಎರಡನ್ನೂ ಕೂಡಿದಾಗ ಬರುವುದು 16. ನಿಮ್ಮ ಫೈಲ್ 5000 ಬೈಟ್ ಇದ್ದರೆ "16 ಎಂಬುದು 5000ಕ್ಕಿಂತ ಕಡಿಮೆ, ಸರಿ ಇದೆ" ಎಂದು ಚೆಕ್ ಬಾಗಿಲು ತೆರೆಯುತ್ತದೆ. ಓದಲು ಹೋಗುವ ಜಾಗ ಮಾತ್ರ 16 ಅಲ್ಲ, 4294967280.

ಇಂಥ ದೊಡ್ಡ ಸಂಖ್ಯೆ ಯಾರೋ ಕಿಡಿಗೇಡಿ ಬರೆದರೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಅಳಿಸಿದ ಫ್ಲ್ಯಾಶ್ ಮೆಮೊರಿಯ ಬೈಟು 255 ಎಂದೇ ಓದಿಸಿಕೊಳ್ಳುತ್ತದೆ. ನಾಲ್ಕು ಬೈಟೂ 255 ಆದರೆ ಆಫ್‌ಸೆಟ್ 4294967295. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೂ ಸಾಕು, ಪೆನ್‌ಡ್ರೈವ್ ಕಿತ್ತರೂ ಸಾಕು.

ಉದಾಹರಣೆಗೆ ಇಡೀ ಬರಹದಲ್ಲಿ ಟಿಫ್ ಚಿತ್ರದ ಫೈಲನ್ನೇ ಹಿಡಿದಿದ್ದೇವೆ. ಪ್ರೆಸ್ಸಿನಲ್ಲಿ ಸ್ಕ್ಯಾನ್ ಮಾಡಿದ ಪುಟಗಳು ಹೆಚ್ಚಾಗಿ ಇದೇ ರೂಪದಲ್ಲಿರುತ್ತವೆ. ಅದರ ಒಡಲು ತುಂಬ ಆಫ್‌ಸೆಟ್‌ಗಳೇ.

## ಬೇಕಾದ ಸಾಮಾನು

ಫೈಲಿನ ಬೈಟುಗಳನ್ನೇ ನೋಡಿ ತಿದ್ದುವ ಒಂದು ಹೆಕ್ಸ್ ಎಡಿಟರ್, ಯಾವುದಾದರೂ ಸರಿ. ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್, ಸಾಧ್ಯವಿದ್ದರೆ ಎರಡೂ. ಅವುಗಳ ಜೊತೆಗೇ ಬರುವ ಅಡ್ರೆಸ್ ಸ್ಯಾನಿಟೈಜರ್ ಮತ್ತು ಅಂಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ (ಪ್ರೋಗ್ರಾಂ ಓಡುವಾಗಲೇ ಮೆಮೊರಿಯ, ಲೆಕ್ಕದ ತಪ್ಪು ಹಿಡಿಯುವ ಸಾಧನಗಳು). ಕೊನೆಯ ಹಂತಕ್ಕೆ ಒಂದು ಫಜ್ಜರ್, ಅಂದರೆ ಕೆಟ್ಟ ಫೈಲುಗಳನ್ನು ತಾನೇ ಹುಟ್ಟಿಸಿ ಪ್ರೋಗ್ರಾಂಗೆ ಕೊಡುವ ಸಾಧನ: ಲಿಬ್‌ಫಜ್ಜರ್ ಅಥವಾ ಎಎಫ್‌ಎಲ್ ಪ್ಲಸ್ ಪ್ಲಸ್. ಸರಿಯಾಗಿ ತೆರೆಯುವ ಎರಡು ಮೂರು ಚಿಕ್ಕ ಫೈಲುಗಳನ್ನೂ ಇಟ್ಟುಕೊಳ್ಳಿ. ಒಳ್ಳೆಯ ಫೈಲ್ ಕೈಯಲ್ಲಿ ಇಲ್ಲದೆ ಕೆಟ್ಟ ಫೈಲಿನ ಪರೀಕ್ಷೆ ಮಾಡಲಾಗದು.

ಕಂಪೈಲರಿನಲ್ಲಿ ಕನ್ವರ್ಶನ್ ಮತ್ತು ಸೈನ್ ಕನ್ವರ್ಶನ್ ಎಚ್ಚರಿಕೆಗಳನ್ನು ಈಗಲೇ ಆನ್ ಮಾಡಿ. ಮೊದಲ ದಿನ ನೂರಾರು ಸಾಲು ಗಲಾಟೆ ಬರುತ್ತದೆ. ಫೈಲ್ ಓದುವ ಭಾಗದ್ದನ್ನಷ್ಟೇ ಮೊದಲು ಸರಿಪಡಿಸಿ, ಉಳಿದದ್ದು ಆಮೇಲೆ.

## ಹಂತ 1: ಫೈಲಿನ ನಿಜವಾದ ಗಾತ್ರ ಹಿಡಿದುಕೊಳ್ಳಿ

ಕೆಟ್ಟ ಫೈಲಿನಲ್ಲಿ ನಂಬಬಹುದಾದ ಸಂಖ್ಯೆ ಒಂದೇ: ಆಪರೇಟಿಂಗ್ ಸಿಸ್ಟಂ ಹೇಳುವ ಗಾತ್ರ. ಫೈಲಿನ ಹೆಡರಿನಲ್ಲಿ "ನನ್ನ ಗಾತ್ರ ಇಷ್ಟು" ಎಂದು ಬರೆದಿದ್ದರೂ ಅದು ಬರೀ ಹೇಳಿಕೆ, ಪುರಾವೆ ಅಲ್ಲ. ತೆರೆದ ಕೂಡಲೇ ಗಾತ್ರ ಕೇಳಿ, 64 ಬಿಟ್ ಅನ್‌ಸೈನ್ಡ್ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಮುಂದಿನ ಎಲ್ಲ ಹೋಲಿಕೆಗೂ ಅದನ್ನೇ ಬಳಸಿ.

ಇಲ್ಲಿ ಬೀಳುವ ಮೊದಲ ಪೆಟ್ಟು ವಿಂಡೋಸ್‌ನಲ್ಲಿ. ಅಲ್ಲಿ 64 ಬಿಟ್ ಪ್ರೋಗ್ರಾಂ ಬರೆದರೂ ಸಿ ಭಾಷೆಯ ಲಾಂಗ್ 32 ಬಿಟ್ಟೇ. ಎಫ್‌ಟೆಲ್ ವಾಪಸ್ ಕೊಡುವುದು ಲಾಂಗ್. ಹಾಗಾಗಿ 2147483647 ಬೈಟ್ ದಾಟಿದ ಫೈಲಿನ ಗಾತ್ರ ಅದರಲ್ಲಿ ಹಿಡಿಸುವುದಿಲ್ಲ. ವಿಂಡೋಸ್‌ನಲ್ಲಿ ಐ64 ಎಂದು ಕೊನೆಯಾಗುವ ಫಂಕ್ಷನ್‌ಗಳನ್ನು, ಲಿನಕ್ಸ್‌ನಲ್ಲಿ ಎಫ್‌ಸೀಕ್‌ಓ, ಎಫ್‌ಟೆಲ್‌ಓ ಜೋಡಿಯನ್ನು ಬಳಸಿ. 32 ಬಿಟ್ ಲಿನಕ್ಸ್‌ಗೆ ಕಂಪೈಲ್ ಮಾಡುವುದಿದ್ದರೆ ಫೈಲ್ ಆಫ್‌ಸೆಟ್ ಬಿಟ್ಸ್ ಎಂಬ ಮ್ಯಾಕ್ರೋಗೆ 64 ಕೊಡುವುದನ್ನು ಮರೆಯಬೇಡಿ.

ಗಾತ್ರ ಕೇಳುವ ಕರೆ ವಿಫಲವಾದರೆ −1 ಬರುತ್ತದೆ. ಅದನ್ನು ನೋಡದೆ ಅನ್‌ಸೈನ್ಡ್‌ಗೆ ಹಾಕಿದರೆ ನಿಮ್ಮ ಫೈಲಿನ ಗಾತ್ರ 18446744073709551615 ಬೈಟ್ ಆಗಿಬಿಡುತ್ತದೆ. ಆಮೇಲೆ ಯಾವ ಆಫ್‌ಸೆಟ್ಟೂ "ಮೀರಿದ್ದು" ಅನಿಸುವುದೇ ಇಲ್ಲ.

## ಹಂತ 2: ಬೈಟುಗಳನ್ನು ಸಂಖ್ಯೆ ಮಾಡುವಾಗ ಸೈನ್ ನುಸುಳಬಾರದು

ಟಿಫ್ ಫೈಲಿನ ಮೊದಲ ಎರಡು ಬೈಟು ಬೈಟ್‌ಗಳ ಕ್ರಮ ಹೇಳುತ್ತವೆ, ಮುಂದಿನ ಎರಡರಲ್ಲಿ 42 ಇರಬೇಕು, 4ರಿಂದ 7ನೇ ಬೈಟಿನವರೆಗೆ ಮೊದಲ ಡೈರೆಕ್ಟರಿಯ (ಚಿತ್ರದ ವಿವರಗಳ ಪಟ್ಟಿಯ) ಆಫ್‌ಸೆಟ್. ಈ ನಾಲ್ಕು ಬೈಟನ್ನು ಜೋಡಿಸುವಾಗಲೇ ಅರ್ಧ ಜನ ಎಡವುತ್ತಾರೆ.

ಅನ್‌ಸೈನ್ಡ್ ಬೈಟನ್ನು ನೇರವಾಗಿ 24 ಸ್ಥಾನ ಎಡಕ್ಕೆ ಸರಿಸಿದರೆ, ಸಿ ಭಾಷೆ ಅದನ್ನು ಮೊದಲು ಸಾದಾ ಇಂಟ್ ಮಾಡುತ್ತದೆ. ಬೈಟಿನ ಬೆಲೆ 128 ಅಥವಾ ಹೆಚ್ಚಿದ್ದರೆ ಫಲಿತಾಂಶ ಸೈನ್ ಬಿಟ್ಟಿಗೆ ಹೋಗಿ ಬೀಳುತ್ತದೆ. ಅದನ್ನು 64 ಬಿಟ್ಟಿಗೆ ಹಾಕಿದಾಗ ಮೇಲಿನ 32 ಬಿಟ್ಟೂ ಒಂದಾಗಿ ತುಂಬಿಕೊಳ್ಳುವುದು ಸಾಮಾನ್ಯ. ಆದ್ದರಿಂದ ಮೊದಲು ಪ್ರತಿ ಬೈಟನ್ನೂ 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ (ಆ ವಿಧಕ್ಕೆ ಬದಲಾಯಿಸಿ), ಆಮೇಲೆ ಸರಿಸಿ. ಕ್ರಮ ತಿರುಗಿಸಬೇಡಿ.

ಆಫ್‌ಸೆಟ್‌ಗೆ ಸೈನ್ಡ್ ಇಂಟ್ ಬಳಸುವುದಂತೂ ಬೇಡವೇ ಬೇಡ. 4294967295 ಅಲ್ಲಿ −1 ಎಂದು ಕಾಣುತ್ತದೆ. "−1 ಗಾತ್ರಕ್ಕಿಂತ ಕಡಿಮೆ" ಎಂಬುದು ಗಣಿತದಲ್ಲಿ ನಿಜ, ಹಾಗಾಗಿ ಗಾತ್ರವೂ ಸೈನ್ಡ್ ಆಗಿದ್ದರೆ ಚೆಕ್ ಪಾಸ್. ಅದೇ −1 ಮುಂದೆ ಮೆಮ್‌ಕಾಪಿಗೆ ಉದ್ದವಾಗಿ ಹೋದರೆ ಅಲ್ಲಿ ಅದು ಮತ್ತೆ ಬೃಹತ್ ಅನ್‌ಸೈನ್ಡ್ ಸಂಖ್ಯೆ.

## ಹಂತ 3: ಕೂಡಬೇಡಿ, ಕಳೆಯಿರಿ

ಬಹಳ ಜನ ತಪ್ಪುವುದು ಇಲ್ಲಿ. ತಪ್ಪು ಚೆಕ್ ಹೀಗಿರುತ್ತದೆ:

ಆಫ್‌ಸೆಟ್ + ಉದ್ದ > ಗಾತ್ರ → ತಿರಸ್ಕರಿಸು

ಎಡಗಡೆಯ ಎರಡೂ ಸಂಖ್ಯೆ ಫೈಲಿನಿಂದ ಬಂದವು, ಎರಡನ್ನೂ ನಂಬುವಂತಿಲ್ಲ. ನಂಬಲಾಗದ ಎರಡನ್ನು ಕೂಡಿದರೆ ಬರುವ ಮೊತ್ತವನ್ನು ಯಾವುದಕ್ಕೆ ಹೋಲಿಸಿದರೂ ಏನು ಬಂತು? ಬದಲಿಗೆ ನಂಬಿಕೆಯ ಸಂಖ್ಯೆಯಿಂದ ಕಳೆಯಿರಿ. ಎರಡು ಸಾಲು, ಇದೇ ಕ್ರಮದಲ್ಲಿ:

ಮೊದಲು: ಆಫ್‌ಸೆಟ್ > ಗಾತ್ರ → ತಿರಸ್ಕರಿಸು
ಆಮೇಲೆ: ಉದ್ದ > ಗಾತ್ರ − ಆಫ್‌ಸೆಟ್ → ತಿರಸ್ಕರಿಸು

ಮೊದಲ ಸಾಲು ದಾಟಿದ ಮೇಲೆ ಆಫ್‌ಸೆಟ್ ಗಾತ್ರಕ್ಕಿಂತ ದೊಡ್ಡದಲ್ಲ ಎಂಬುದು ಖಾತ್ರಿ, ಹಾಗಾಗಿ ಎರಡನೆಯ ಸಾಲಿನ ಕಳೆಯುವಿಕೆ ಎಂದೂ ಸೊನ್ನೆಗಿಂತ ಕೆಳಗೆ ಹೋಗದು. ಮೊದಲ ಸಾಲನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದರೆ ಕೆಲಸ ಕೆಟ್ಟಿತು. ಗಾತ್ರ 5000, ಆಫ್‌ಸೆಟ್ 5001 ಇದ್ದಾಗ 32 ಬಿಟ್ಟಿನಲ್ಲಿ 5000 − 5001 ಎಂದರೆ 4294967295. ಉದ್ದ ಎಷ್ಟೇ ಇದ್ದರೂ ಆ ಸಾಲು ಒಪ್ಪಿಕೊಳ್ಳುತ್ತದೆ.

ನಮ್ಮ 4294967280, 32 ಜೋಡಿಯನ್ನು ಈಗ ಹಾಕಿ ನೋಡಿ: ಮೊದಲ ಸಾಲಿನಲ್ಲೇ ಹೊರಗೆ. ಆಫ್‌ಸೆಟ್ 4990, ಉದ್ದ 32 ಇದ್ದರೆ ಮೊದಲನೆಯದು ದಾಟಿ, ಎರಡನೆಯದರಲ್ಲಿ 32 > 10 ಎಂದು ಹೊರಗೆ. ಆಫ್‌ಸೆಟ್ 4968, ಉದ್ದ 32: ಸರಿಯಾಗಿ ಕೊನೆಯ ಬೈಟಿನವರೆಗೆ, ಒಳಗೆ.

"64 ಬಿಟ್ಟಿಗೆ ಬದಲಾಯಿಸಿ ಕೂಡಿದರೆ ಸಾಲದೇ?" ಎಂಬ ಪ್ರಶ್ನೆ ಬರುತ್ತದೆ. ಎರಡೂ 32 ಬಿಟ್ ಆಗಿದ್ದರೆ ಸಾಕು, ಆದರೆ ಕಾಸ್ಟ್ ಎಲ್ಲಿ ಬರೆದಿದ್ದೀರಿ ನೋಡಿಕೊಳ್ಳಿ. (ಆಫ್‌ಸೆಟ್ + ಉದ್ದ) ಎಂದು ಕೂಡಿ, ಉತ್ತರವನ್ನು 64 ಬಿಟ್ ಮಾಡಿದರೆ ಅಷ್ಟರಲ್ಲಿ 16 ಆಗಿಹೋಗಿರುತ್ತದೆ. ಒಡೆದ ಕೊಡಕ್ಕೆ ಮುಚ್ಚಳ ಹಾಕಿದ ಹಾಗೆ. ಕೂಡುವ ಮೊದಲೇ ಒಂದನ್ನಾದರೂ ಅಗಲಿಸಬೇಕು. ಇನ್ನು ಬಿಗ್‌ಟಿಫ್, ಜಿಪ್64 ಥರದ ಫೈಲುಗಳಲ್ಲಿ ಆಫ್‌ಸೆಟ್ಟೇ 64 ಬಿಟ್. ಅಲ್ಲಿ ಅಗಲಿಸಲು ಜಾಗವಿಲ್ಲ, ಕಳೆಯುವ ದಾರಿಯೊಂದೇ. ಎರಡೂ ಕಡೆ ಕಳೆಯುವುದನ್ನೇ ರೂಢಿ ಮಾಡಿಕೊಳ್ಳುವುದು ಮೇಲು.

"ಮೊತ್ತವು ಆಫ್‌ಸೆಟ್‌ಗಿಂತ ಕಡಿಮೆ ಬಂದರೆ ಓವರ್‌ಫ್ಲೋ" ಎಂಬ ಹಳೆಯ ಉಪಾಯಕ್ಕೆ ಎರಡು ಕಡೆ ಏಟು ಬೀಳುತ್ತದೆ. ಸೈನ್ಡ್ ಸಂಖ್ಯೆಯ ಓವರ್‌ಫ್ಲೋ ಸಿ ಭಾಷೆಯಲ್ಲಿ ಅಂಡಿಫೈನ್ಡ್, ಅಂದರೆ ಆಗ ಏನಾಗಬೇಕೆಂದು ಭಾಷೆ ಹೇಳುವುದಿಲ್ಲ. ಅದು ಆಗುವುದೇ ಇಲ್ಲ ಎಂದು ಎಣಿಸಿ ಕಂಪೈಲರ್ ನಿಮ್ಮ ಚೆಕ್ಕನ್ನೇ ತೆಗೆದುಹಾಕಬಹುದು; ಡೀಬಗ್ ಬಿಲ್ಡ್‌ನಲ್ಲಿ ಹಿಡಿಯುತ್ತಿದ್ದದ್ದು ರಿಲೀಸ್‌ನಲ್ಲಿ ಮಾಯ. ಎರಡನೆಯದು 16 ಬಿಟ್ ಸಂಖ್ಯೆ: ಅವು ಕೂಡುವಾಗ ಇಂಟ್ ಆಗುತ್ತವೆ, ಮೊತ್ತ ಎಂದೂ ಕಡಿಮೆಯಾಗುವುದಿಲ್ಲ, ಚೆಕ್ ಎಂದೂ ಕೂಗುವುದಿಲ್ಲ. ಉತ್ತರವನ್ನು ಮತ್ತೆ 16 ಬಿಟ್ಟಿಗೆ ತುಂಬುವಾಗ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ.

ಈ ಎರಡು ಸಾಲನ್ನು ಒಂದೇ ಫಂಕ್ಷನ್ ಮಾಡಿ, "ವ್ಯಾಪ್ತಿ_ಸರಿಯೇ" ಎಂದೇನಾದರೂ ಹೆಸರಿಡಿ. ಇಪ್ಪತ್ತು ಕಡೆ ಕೈಯಿಂದ ಬರೆದರೆ ಹತ್ತೊಂಬತ್ತು ಸರಿ ಇರುತ್ತವೆ.

## ಹಂತ 4: ಗುಣಾಕಾರ ಬಂದಲ್ಲಿ ಭಾಗಾಕಾರದಿಂದ ಪರೀಕ್ಷಿಸಿ

ಕೂಡಿಕೆಗಿಂತ ಗುಣಾಕಾರ ಬೇಗ ಸುತ್ತು ಹೊಡೆಯುತ್ತದೆ. ಟಿಫ್ ಡೈರೆಕ್ಟರಿಯ ಪ್ರತಿ ನಮೂದು 12 ಬೈಟ್: 2 ಬೈಟ್ ಟ್ಯಾಗ್, 2 ಬೈಟ್ ವಿಧ, 4 ಬೈಟ್ ಎಣಿಕೆ, ಕೊನೆಯ 4 ಬೈಟಿನಲ್ಲಿ ಮೌಲ್ಯ ಅಥವಾ ಆಫ್‌ಸೆಟ್. ಒಟ್ಟು ಮೌಲ್ಯಗಳು 4 ಬೈಟಿನೊಳಗೆ ಹಿಡಿಸಿದರೆ ಅಲ್ಲೇ ಇರುತ್ತವೆ. ಹಿಡಿಸದಿದ್ದರೆ ಆ 4 ಬೈಟು ಆಫ್‌ಸೆಟ್ ಎಂದು ಅರ್ಥ.

ಈಗ ಚಿತ್ರದ ಪಟ್ಟಿಗಳ (ಅಡ್ಡ ತುಂಡುಗಳ) ಜಾಗ ಹೇಳುವ 273ನೇ ಟ್ಯಾಗ್ ನೋಡಿ. ವಿಧ 4, ಅಂದರೆ ಒಂದೊಂದು ಮೌಲ್ಯಕ್ಕೂ 4 ಬೈಟ್. ಎಣಿಕೆಯ ಬೈಟುಗಳು ಕೆಟ್ಟು 1073741825 ಆಗಿದೆ ಎನ್ನಿ. ಗುಣಿಸಿದರೆ 4294967300, 32 ಬಿಟ್ಟಿನಲ್ಲಿ ಉಳಿಯುವುದು ಬರೀ 4. "4 ಬೈಟ್ ತಾನೇ, ಇಲ್ಲೇ ಇದೆ" ಎಂದು ಪಾರ್ಸರ್ ಆಫ್‌ಸೆಟ್ ಚೆಕ್ಕಿನ ಕಡೆಗೆ ಹೋಗುವುದೇ ಇಲ್ಲ. 4 ಬೈಟಿನ ಬಫರ್ ತೆಗೆದುಕೊಂಡು, ನೂರು ಕೋಟಿಗೂ ಮಿಕ್ಕಿದ ಲೂಪನ್ನು ಅದರ ಮೇಲೆ ಓಡಿಸುತ್ತದೆ. ಹಂತ 3ನ್ನು ಎಷ್ಟೇ ಚೆನ್ನಾಗಿ ಬರೆದಿದ್ದರೂ ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಗುಣಿಸುವ ಮೊದಲು ಕೇಳಬೇಕಾದದ್ದು:

ಎಣಿಕೆ > ಗಾತ್ರ ÷ ಒಂದರ_ಅಳತೆ → ತಿರಸ್ಕರಿಸು

ಒಂದರ ಅಳತೆ ಸೊನ್ನೆ ಅಲ್ಲ ಎಂಬುದನ್ನು ಅದಕ್ಕೂ ಮೊದಲು ನೋಡಿ. ವಿಧದ ಜಾಗದಲ್ಲಿ ಗೊತ್ತಿಲ್ಲದ ಸಂಖ್ಯೆ ಬಂದಾಗ ಅಳತೆಯ ಪಟ್ಟಿಯಿಂದ ಸೊನ್ನೆ ವಾಪಸ್ ಬರುವುದು ಮಾಮೂಲು. ಸೊನ್ನೆಯಿಂದ ಭಾಗಿಸಿದರೆ ಪ್ರೋಗ್ರಾಂ ಅಲ್ಲೇ ಮಲಗುತ್ತದೆ.

ಅಗಲ, ಎತ್ತರ, ಒಂದು ಚುಕ್ಕೆಯ ಬೈಟು ಎಂದು ಮೂರು ಸಂಖ್ಯೆ ಗುಣಿಸುವಾಗ 64 ಬಿಟ್ಟೂ ಸಾಲದೆ ಹೋಗಬಹುದು. ಎರಡು 32 ಬಿಟ್ ಸಂಖ್ಯೆಯ ಗುಣಲಬ್ಧ 64 ಬಿಟ್ಟಿನಲ್ಲಿ ಹಿಡಿಸುತ್ತದೆ, ಮೂರನೆಯದಕ್ಕೆ ಖಾತ್ರಿ ಇಲ್ಲ. ಪ್ರತಿ ಗುಣಾಕಾರಕ್ಕೂ ಪ್ರತ್ಯೇಕ ಪರೀಕ್ಷೆ ಹಾಕಿ. ಜಿಸಿಸಿ 5ರಿಂದ ಈಚೆಗೆ ಇದಕ್ಕೆಂದೇ ಬಿಲ್ಟ್‌ಇನ್ ಆಡ್ ಓವರ್‌ಫ್ಲೋ, ಮಲ್ ಓವರ್‌ಫ್ಲೋ ಇವೆ, ಕ್ಲ್ಯಾಂಗ್‌ನಲ್ಲೂ ಸಿಗುತ್ತವೆ. ಸಿ23ರಲ್ಲಿ ಸಿಕೆಡಿ ಆಡ್, ಸಿಕೆಡಿ ಮಲ್ ಎಂದು ಭಾಷೆಗೇ ಸೇರಿವೆ. ಇವು ಸುತ್ತು ಹೊಡೆದಾಗ "ನಿಜ" ಎನ್ನುತ್ತವೆ, ಸರಿ ಇದ್ದಾಗ "ಸುಳ್ಳು". ಉಲ್ಟಾ ತಿಳಿದು ಬರೆದವರು ಕಡಿಮೆ ಇಲ್ಲ.

ಜೊತೆಗೆ ವ್ಯವಹಾರದ ಮಿತಿಯೂ ಇರಲಿ. ಎ4 ಪುಟವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 4960 × 7016 ಚುಕ್ಕೆ, ಮೂರು ಬಣ್ಣಕ್ಕೆ 104398080 ಬೈಟ್. ಪ್ರೆಸ್ಸಿಗೆ ಬೇಕಾದ ಅತಿ ದೊಡ್ಡ ಹಾಳೆ ಇದರ ಎಷ್ಟು ಪಟ್ಟು ಎಂದು ಕೇಳಿಕೊಂಡು ಒಂದು ಮೇಲ್ಮಿತಿ ಇಡಿ. ಗಣಿತದಲ್ಲಿ ಸರಿಯಿದ್ದರೂ 60 ಜಿಬಿ ಮೆಮೊರಿ ಕೇಳುವ ಫೈಲ್ ಅಂಗಡಿಯ ಕಂಪ್ಯೂಟರನ್ನು ನಿಲ್ಲಿಸಿಬಿಡುತ್ತದೆ.

## ಹಂತ 5: ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಆಫ್‌ಸೆಟ್‌ಗಳು

ಟಿಫ್ ಡೈರೆಕ್ಟರಿಯ ಕೊನೆಯಲ್ಲಿ ಮುಂದಿನ ಡೈರೆಕ್ಟರಿಯ ಆಫ್‌ಸೆಟ್ ಇರುತ್ತದೆ. ಸೊನ್ನೆ ಇದ್ದರೆ ಮುಗಿಯಿತು. ಕೆಟ್ಟ ಫೈಲಿನಲ್ಲಿ ಅದು ತನ್ನನ್ನೇ ತೋರಿಸಬಹುದು. ವ್ಯಾಪ್ತಿಯ ಚೆಕ್ ಎಲ್ಲ ಪಾಸ್, ಲೂಪ್ ಮಾತ್ರ ಎಂದೂ ಮುಗಿಯದು. ಹಿಂದೆ ನೋಡಿದ ಆಫ್‌ಸೆಟ್‌ಗಳನ್ನು ಬರೆದಿಟ್ಟುಕೊಳ್ಳಿ, ಇಲ್ಲವೇ ಡೈರೆಕ್ಟರಿಗಳ ಸಂಖ್ಯೆಗೆ ಮಿತಿ ಹಾಕಿ. "ಮುಂದಿನದು ಹಿಂದಿನದಕ್ಕಿಂತ ದೊಡ್ಡದಿರಬೇಕು" ಎಂಬ ನಿಯಮ ಟಿಫ್‌ಗೆ ಹಾಕಬೇಡಿ. ಸರಿಯಾದ ಫೈಲಿನಲ್ಲೂ ಡೈರೆಕ್ಟರಿ ಹಿಂದೆ ಮುಂದೆ ಇರಬಹುದು.

ವೇವ್ ಧ್ವನಿ ಫೈಲಿನಂಥ ತುಂಡುಗಳ ರೂಪದಲ್ಲಿ ಬೇರೆ ಬಗೆಯ ಬಲೆ. ತುಂಡಿನ ಹೆಡರ್ 8 ಬೈಟ್, ಅದರಲ್ಲೇ ತುಂಡಿನ ಉದ್ದ. ಮುಂದಿನದಕ್ಕೆ ಹೋಗಲು "ಈಗಿನ ಜಾಗ + 8 + ಉದ್ದ" ಎನ್ನುತ್ತೇವೆ. ಉದ್ದ 4294967288 ಆಗಿದ್ದರೆ 8 ಕೂಡಿದಾಗ ಸೊನ್ನೆ. ಪ್ರೋಗ್ರಾಂ ಇದ್ದಲ್ಲೇ ಕುಣಿಯುತ್ತದೆ. ಬೆಸ ಉದ್ದಕ್ಕೆ ಒಂದು ಬೈಟ್ ಸೇರಿಸುವ ನಿಯಮವೂ ಇದೆ. 4294967295ಕ್ಕೆ ಒಂದು ಸೇರಿಸಿದರೆ ಮತ್ತದೇ ಸೊನ್ನೆ. ಉದ್ದವನ್ನು "ಉಳಿದಿರುವ ಬೈಟ್" ಜೊತೆ ಹೋಲಿಸಿದ ಮೇಲಷ್ಟೇ ಇಂಥ ಸೇರ್ಪಡೆ ಮಾಡಿ.

## ಹಂತ 6: ಸೀಕ್ ಆಯಿತು ಎಂದರೆ ಜಾಗ ಇದೆ ಎಂದಲ್ಲ

ಫೈಲಿನ ಕೊನೆ ದಾಟಿ ಸೀಕ್ ಮಾಡಿದರೂ (ಓದುವ ಜಾಗವನ್ನು ಸರಿಸಿದರೂ) ಸಾಮಾನ್ಯವಾಗಿ ದೋಷ ಬರುವುದಿಲ್ಲ. ನಂತರದ ರೀಡ್ ಸೊನ್ನೆ ಬೈಟ್ ಕೊಡುತ್ತದೆ, ಅಷ್ಟೇ. ಎಫ್‌ರೀಡ್ ಎಷ್ಟು ಕೊಟ್ಟಿತು ಎಂದು ನೋಡದಿದ್ದರೆ ಬಫರಿನಲ್ಲಿದ್ದ ಹಳೆಯ ಕಸವನ್ನೇ ಹೊಸ ಆಫ್‌ಸೆಟ್ ಎಂದು ಓದುತ್ತೀರಿ. ಅಲ್ಲಿಂದ ಮುಂದೆ ದೋಷ ಪ್ರತಿ ಸಲ ಬೇರೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಹುಡುಕಲು ಅರ್ಧ ದಿನ ಹೋಗುತ್ತದೆ.

32 ಬಿಟ್ ಬಿಲ್ಡ್ ಕೊಡುವವರು ಇನ್ನೊಂದನ್ನು ಗಮನಿಸಿ. 64 ಬಿಟ್ ಆಫ್‌ಸೆಟ್ ಪರೀಕ್ಷಿಸಿ, ಆಮೇಲೆ ಅಲ್ಲಿ 32 ಬಿಟ್ಟೇ ಇರುವ ಸೈಜ್‌ಟಿ ವೇರಿಯಬಲ್‌ಗೆ ಹಾಕಿದರೆ ಮೇಲಿನ ಅರ್ಧ ಉದುರುತ್ತದೆ: 4294967396 ಹೋಗಿ 100 ಆಗುತ್ತದೆ. ಪರೀಕ್ಷಿಸಿದ್ದು ಒಂದು ಸಂಖ್ಯೆ, ಬಳಸಿದ್ದು ಇನ್ನೊಂದು.

## ಹಂತ 7: ಬೇಕಂತಲೇ ಕೆಡಿಸಿ ನೋಡಿ

ಒಳ್ಳೆಯ ಟಿಫ್ ಫೈಲಿನ ನಕಲು ಮಾಡಿ ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ. ಸಣ್ಣ ಬೈಟ್ ಮೊದಲು ಬರುವ ಫೈಲಾದರೆ 4ನೇ ಬೈಟಿನಿಂದ ದಶಮಾಂಶದಲ್ಲಿ 240, 255, 255, 255 ಬರುವಂತೆ ತುಂಬಿ. ಅದೇ ನಮ್ಮ 4294967280. ಸೇವ್ ಮಾಡಿ ಪ್ರೋಗ್ರಾಂಗೆ ಕೊಡಿ. ಸದ್ದಿಲ್ಲದೆ ಖಾಲಿ ಚಿತ್ರ ತೋರಿಸಿದರೂ ಅದು ಸೋಲೇ. "ಈ ಫೈಲ್ ಕೆಟ್ಟಿದೆ" ಎಂದು ಸ್ಪಷ್ಟವಾಗಿ ಹೇಳಬೇಕು.

ಇದೇ ಜಾಗಕ್ಕೆ ಒಂದೊಂದಾಗಿ ಹಾಕಬೇಕಾದ ಸಂಖ್ಯೆಗಳು: 0, 7, ಗಾತ್ರ − 1, ಗಾತ್ರ, ಗಾತ್ರ + 1, 2147483647, 2147483648, 4294967295. ಗಾತ್ರದ ಆಸುಪಾಸಿನ ಮೂರನ್ನು ಬಿಡಬೇಡಿ. > ಮತ್ತು ≥ ಅದಲು ಬದಲಾದ ತಪ್ಪು ಅಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಸ್ಯಾನಿಟೈಜರ್ ಹಾಕಿದೆವು, ಏನೂ ಹೇಳಲಿಲ್ಲ ಎಂದು ಸಮಾಧಾನ ಪಡುವ ಮೊದಲು: ಅಂಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ ಹಿಡಿಯುವುದು ಸೈನ್ಡ್ ಓವರ್‌ಫ್ಲೋ. ಅನ್‌ಸೈನ್ಡ್ ಸುತ್ತು ಹೊಡೆಯುವುದು ಭಾಷೆಯ ಪ್ರಕಾರ ತಪ್ಪೇ ಅಲ್ಲ. ಅದಕ್ಕೆ ಕ್ಲ್ಯಾಂಗ್‌ನಲ್ಲಿ ಪ್ರತ್ಯೇಕ ಆಯ್ಕೆ ಇದೆ, ಬೇರೆಯಾಗಿಯೇ ಆನ್ ಮಾಡಬೇಕು. ಹ್ಯಾಶ್ ಲೆಕ್ಕ ಹಾಕುವ ಕೋಡು ಬೇಕಂತಲೇ ಸುತ್ತು ಹೊಡೆಯುತ್ತದೆ, ಅದನ್ನೂ ಇದು ದೂರುತ್ತದೆ. ಅಂಥ ಫಂಕ್ಷನ್‌ಗಳನ್ನು ಹೊರಗಿಡಿ. ಇಷ್ಟಾದ ಮೇಲೆ ಫಜ್ಜರ್ ಹಚ್ಚಿ ರಾತ್ರಿಯಿಡೀ ಬಿಡಿ. ಅದು ಹುಡುಕಿಕೊಟ್ಟ ಪ್ರತಿ ಫೈಲನ್ನೂ ಟೆಸ್ಟ್ ಫೋಲ್ಡರಿನಲ್ಲಿ ಉಳಿಸಿ.

ದೋಷದ ಸಂದೇಶದಲ್ಲಿ ಯಾವ ಜಾಗದ ಸಂಖ್ಯೆ, ಆಫ್‌ಸೆಟ್ ಎಷ್ಟು, ಉದ್ದ ಎಷ್ಟು, ಫೈಲ್ ಗಾತ್ರ ಎಷ್ಟು ಎಂದು ನಾಲ್ಕೂ ಬರಲಿ. ಹಾವೇರಿಯಿಂದ ಫೋನ್ ಮಾಡಿದವರು ಪರದೆ ನೋಡಿ ಓದಿ ಹೇಳಿದರೆ ಫೈಲ್ ತರಿಸಿಕೊಳ್ಳದೆಯೇ ಅರ್ಧ ಪತ್ತೆಯಾಗುತ್ತದೆ.

## ಸಿ ಅಲ್ಲದ ಭಾಷೆಗಳಲ್ಲಿ

ಪೈಥಾನ್‌ನ ಇಂಟಿಜರ್ ಸುತ್ತು ಹೊಡೆಯುವುದಿಲ್ಲ, ಆದರೆ ಅದೊಂದೇ ಸಾಲದು. ಸ್ಟ್ರಕ್ಟ್ ಅನ್‌ಪ್ಯಾಕ್‌ನಲ್ಲಿ ದೊಡ್ಡ ಐ ಬದಲು ಚಿಕ್ಕ ಐ ಬರೆದರೆ ಸಂಖ್ಯೆ ಸೈನ್ಡ್ ಆಗುತ್ತದೆ, ಋಣ ಆಫ್‌ಸೆಟ್‌ನಿಂದ ಸ್ಲೈಸ್ ಮಾಡಿದರೆ ಪೈಥಾನ್ ಫೈಲಿನ ಹಿಂಬದಿಯಿಂದ ಎಣಿಸಿ ಏನನ್ನೋ ಕೊಡುತ್ತದೆ. ಕೊನೆ ದಾಟಿದ ಸ್ಲೈಸ್ ಕೂಡ ದೋಷ ಎಸೆಯದೆ ಗಿಡ್ಡ ತುಂಡು ಕೊಡುತ್ತದೆ. ಉದ್ದ ನೋಡಲೇಬೇಕು. ನಂಪೈ ಅರೇಗಳು ಮಾತ್ರ ಸಿ ಥರವೇ ಸುಮ್ಮನೆ ಸುತ್ತುತ್ತವೆ.

ಜಾವಾದ ಇಂಟ್ ಯಾವಾಗಲೂ ಸೈನ್ಡ್. ಇಂಟಿಜರ್ ಕ್ಲಾಸಿನ ಟು ಅನ್‌ಸೈನ್ಡ್ ಲಾಂಗ್ ಬಳಸಿ ಓದಿ, ಕೂಡಲು ಮ್ಯಾತ್ ಕ್ಲಾಸಿನ ಆಡ್ ಎಕ್ಸಾಕ್ಟ್ ಇದೆ. ಜಾವಾ 9ರಿಂದ ಆಬ್ಜೆಕ್ಟ್ಸ್ ಕ್ಲಾಸಿನಲ್ಲಿ ಚೆಕ್ ಫ್ರಮ್ ಇಂಡೆಕ್ಸ್ ಸೈಜ್ ಬಂದಿದೆ, ಅದು ಹಂತ 3ರ ಕೆಲಸವನ್ನೇ ಮಾಡುತ್ತದೆ. ರಸ್ಟ್ ಡೀಬಗ್‌ನಲ್ಲಿ ಪ್ಯಾನಿಕ್ ಆಗುತ್ತದೆ, ರಿಲೀಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಸುತ್ತು ಹೊಡೆಯುತ್ತದೆ. ಚೆಕ್ಡ್ ಆಡ್, ಚೆಕ್ಡ್ ಮಲ್ ಬರೆಯುವುದೇ ವಾಸಿ. ಗೋ ಭಾಷೆ ಎರಡರಲ್ಲೂ ಮೌನ.

## ಈ ಲಕ್ಷಣ ಕಂಡರೆ ಇಲ್ಲಿ ನೋಡಿ

ಪ್ರೋಗ್ರಾಂ ಬೀಳದೆ ನಿಂತಲ್ಲೇ ನಿಂತು ಸಿಪಿಯು ಪೂರ್ತಿ ತಿನ್ನುತ್ತಿದೆ: ಹಂತ 5. ಜಾಗ ಮುಂದೆ ಹೋಗುತ್ತಿಲ್ಲ, ಅಥವಾ ಡೈರೆಕ್ಟರಿ ತನ್ನನ್ನೇ ತೋರಿಸುತ್ತಿದೆ.

ಮೆಮೊರಿ ಸಾಲದು ಎಂದು ಸಾಯುತ್ತದೆ: ಗುಣಾಕಾರ ಸುತ್ತು ಹೊಡೆದಿಲ್ಲ, ಮೇಲ್ಮಿತಿ ಇಲ್ಲ. ಇದಕ್ಕೆ ವಿರುದ್ಧವಾಗಿ, ತೀರ ಚಿಕ್ಕ ಬಫರ್ ಪಡೆದು ತುಂಬುವಾಗ ಬಿದ್ದರೆ ಗುಣಾಕಾರ ಸುತ್ತು ಹೊಡೆದಿದೆ.

32 ಬಿಟ್ ಬಿಲ್ಡ್ ಮಾತ್ರ ಬೀಳುತ್ತದೆ: ಸೈಜ್‌ಟಿ ಕತ್ತರಿ. ರಿಲೀಸ್ ಮಾತ್ರ ಬೀಳುತ್ತದೆ: ಸೈನ್ಡ್ ಕೂಡಿಕೆಯ ಮೇಲೆ ಬರೆದ ಚೆಕ್ಕನ್ನು ಕಂಪೈಲರ್ ತೆಗೆದಿರುವ ಸಂಭವ ಹೆಚ್ಚು.

ಒಂದೇ ಕೆಟ್ಟ ಫೈಲ್ ಪ್ರತಿ ಸಲ ಬೇರೆ ಫಲಿತಾಂಶ ಕೊಡುತ್ತದೆ: ರೀಡ್ ಎಷ್ಟು ಕೊಟ್ಟಿತು ಎಂದು ನೋಡಿಲ್ಲ.

ಆಫ್‌ಸೆಟ್ 134217728 ಎಂದು ಬಂತೇ? ಫೈಲ್ ಕೆಟ್ಟಿರಲಿಕ್ಕಿಲ್ಲ. ಅದು 8ನ್ನು ಬೈಟ್ ಕ್ರಮ ತಿರುಗಿಸಿ ಓದಿದಾಗ ಬರುವ ಸಂಖ್ಯೆ. ಮೊದಲ ಡೈರೆಕ್ಟರಿ ಹೆಡರಿನ ಬೆನ್ನಿಗೇ ಇರುವ ಫೈಲುಗಳಲ್ಲಿ ಆ ಆಫ್‌ಸೆಟ್ 8. ಬೇರೆ ಸ್ಕ್ಯಾನರಿನ ಫೈಲು ಬಂದ ದಿನವೇ ಇದು ಶುರುವಾಗಿದ್ದರೆ ಚೆಕ್ಕುಗಳನ್ನು ಬಿಟ್ಟು ಮೊದಲ ಎರಡು ಬೈಟನ್ನು ಓದುವ ಸಾಲಿಗೆ ಹೋಗಿ.